ಪ್ಲೈವುಡ್ ಕೊರೆಯುವ ಚಿಕ್ಕ ಸಿ.ಎನ್.ಸಿ. ರೂಟರ್: ಕೊಳ್ಳುವ ಮೊದಲು ಹುಬ್ಬಳ್ಳಿಯಲ್ಲಿ ಮಾಡಿ ನೋಡಿದ ಪರೀಕ್ಷೆ

ಸಂಘದ ದುರಸ್ತಿ ಶೆಡ್ಡಿಗೆ ಒಂದು ಚಿಕ್ಕ ಸಿ.ಎನ್.ಸಿ. ರೂಟರ್ ಯಂತ್ರ ಕೊಳ್ಳಬೇಕೆಂಬ ಸಲಹೆ ಕಳೆದ ಬೇಸಿಗೆಯ ಸಭೆಯಲ್ಲಿ ಬಂದಿತ್ತು. ಅಡಿಕೆ ಸುಲಿಯುವ ಯಂತ್ರದ ಪುಲ್ಲಿ ಒಡೆದರೆ, ಕಾಫಿ ಪಲ್ಪರಿನ ಬ್ರಾಕೆಟ್ ಸವೆದರೆ, ಕೊಯ್ಲಿನ ಗಡಿಬಿಡಿಯಲ್ಲಿ ಹುಬ್ಬಳ್ಳಿಗೆ ಓಡುವ ಕಷ್ಟ ಸದಸ್ಯರೆಲ್ಲರಿಗೂ ಗೊತ್ತಿರುವುದೇ. ಎರಕ ಹೊಯ್ದು ಕೊಡುವವರು ಸಿಗುತ್ತಾರೆ. ಆದರೆ ಎರಕಕ್ಕೆ ಬೇಕಾದ ಮರದ ಮಾದರಿಯನ್ನು, ಅಂದರೆ ಪ್ಯಾಟರ್ನನ್ನು, ಮಾಡಿಕೊಡುವ ಬಡಗಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಆ ಮಾದರಿಯನ್ನು ಪ್ಲೈವುಡ್‌ನಲ್ಲಿ ನಾವೇ ಕೊರೆದುಕೊಂಡರೆ ಅರ್ಧ ಕೆಲಸ ಊರಿನಲ್ಲೇ ಮುಗಿಯುತ್ತದೆ ಎಂಬುದು ಮೊದಲನೆಯ ಆಸೆ. ಅರೇಬಿಕಾ ಬೆಳೆಯುವ ಸದಸ್ಯರು ಬೀಜದ ಗಾತ್ರವನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳಲು ಪ್ಲೈವುಡ್ಡಿನ ಮಾದರಿ ಜರಡಿಗಳನ್ನೂ ಅದರಲ್ಲೇ ಮಾಡಿ ಹಂಚಬಹುದು ಎಂಬುದು ಎರಡನೆಯ ಆಸೆ.

ಯಂತ್ರದ ಬೆಲೆ ಬಹಳವಿಲ್ಲ. ಆದರೂ ಸಂಘದ ಹಣವೆಂದರೆ ಸದಸ್ಯರ ಹಣ. ಆದ್ದರಿಂದ ಮುಂಗಡ ಕೊಡುವ ಮೊದಲು ಪರೀಕ್ಷಿಸಿ ಬರುವಂತೆ ಸಮಿತಿಯು ನಮ್ಮನ್ನು ನೇಮಿಸಿತು. ನಾವೆಂದರೆ ತೋಟದವರು ಇಬ್ಬರು, ಶೆಡ್ಡಿನ ಫಿಟ್ಟರ್ ಒಬ್ಬರು, ಲೆಕ್ಕ ನೋಡುವವರು ಒಬ್ಬರು. ಯಲ್ಲಾಪುರ, ಕಲಘಟಗಿ ದಾರಿಯಾಗಿ ಹುಬ್ಬಳ್ಳಿಗೆ ಹೋಗಿ, ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಬಳಿ ಬಾಗಿಲು ಮತ್ತು ದೇವರ ಮನೆಯ ಜಾಲಂದ್ರ ಕೆತ್ತುವ ಒಂದು ಚಿಕ್ಕ ಕಾರ್ಖಾನೆಯಲ್ಲಿ ಎರಡು ದಿನ ಕೂತೆವು. ಅಲ್ಲಿ ನಾವು ನೋಡಿದ್ದನ್ನೂ, ಎಡವಿದ್ದನ್ನೂ, ತಿಳಿದದ್ದನ್ನೂ ಸದಸ್ಯರ ಹಿತದೃಷ್ಟಿಯಿಂದ ಇಲ್ಲಿ ಕೊಡುತ್ತಿದ್ದೇವೆ.

ಈ ಯಂತ್ರ ಎಂಥದು?

ಬಡಗಿಯ ಕೈಯಲ್ಲಿರುವ ರೂಟರ್ ಹಲವರಿಗೆ ಪರಿಚಿತ. ವೇಗವಾಗಿ ತಿರುಗುವ ಮೋಟಾರಿನ ತುದಿಗೆ ಹಲ್ಲಿನ ಬಿಟ್ ಕಚ್ಚಿಸಿ ಮರದಲ್ಲಿ ಗಾಡಿ ಹೊಡೆಯುವ ಉಪಕರಣ ಅದು. ಅದೇ ಮೋಟಾರನ್ನು ಒಂದು ಚೌಕಟ್ಟಿಗೆ ಕೂರಿಸಿ, ಎಡಬಲ, ಹಿಂದುಮುಂದು, ಮೇಲೆಕೆಳಗೆ ಎಂದು ಮೂರು ದಿಕ್ಕಿಗೆ ಮೂರು ತಿರುಪು ದಂಡಗಳನ್ನು ಜೋಡಿಸಿ, ಆ ತಿರುಪುಗಳನ್ನು ಗಣಕಯಂತ್ರದ ಅಪ್ಪಣೆಯಂತೆ ತಿರುಗಿಸಿದರೆ ಅದು ಸಿ.ಎನ್.ಸಿ. ರೂಟರ್.

ವಿದ್ಯೆ ಹೊಸದಲ್ಲ. 1952ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ, ತೂತು ಹೊಡೆದ ಪಟ್ಟಿಯನ್ನು ಓದಿಕೊಂಡು ತಾನೇ ಚಲಿಸುವ ಮಿಲ್ಲಿಂಗ್ ಯಂತ್ರವನ್ನು ತೋರಿಸಿದ್ದರು. ಬಹುಕಾಲ ಅದು ದೊಡ್ಡ ಕಾರ್ಖಾನೆಗಳ ಸೊತ್ತಾಗಿತ್ತು. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕಾಗ್‌ಸ್ರುಡ್ ಎಂಬವರು ಅಂಗೈ ಅಗಲದ ಅಗ್ಗದ ಫಲಕವೊಂದರಿಂದಲೇ ಇಂಥ ಯಂತ್ರ ನಡೆಸುವ ಜಿ.ಆರ್.ಬಿ.ಎಲ್. ಎಂಬ ತಂತ್ರಾಂಶವನ್ನು ಬರೆದು, ಯಾರು ಬೇಕಾದರೂ ಬಳಸಬಹುದೆಂದು ಬಿಟ್ಟುಕೊಟ್ಟರು. ಹವ್ಯಾಸಿಗಳ ಮೇಜಿನ ಮೇಲೆ ಈ ಯಂತ್ರ ಬಂದು ಕೂರಲು ಅದು ದೊಡ್ಡ ಕಾರಣ.

ಕಾರ್ಖಾನೆಯಲ್ಲಿ ಎರಡು ಯಂತ್ರಗಳಿದ್ದವು. ಚಿಕ್ಕದನ್ನು ಪೇಟೆಯಲ್ಲಿ 3018 ಎನ್ನುತ್ತಾರೆ. ಕೆಲಸ ಮಾಡುವ ಜಾಗ ಸುಮಾರು 300 ಮಿ.ಮೀ. ಉದ್ದ, 180 ಮಿ.ಮೀ. ಅಗಲ, 24 ವೋಲ್ಟಿನ ಚಿಕ್ಕ ಮೋಟಾರು. ಎರಡನೆಯದು 6040, ಅಂದರೆ ಸುಮಾರು 600 ಮಿ.ಮೀ. ಉದ್ದ, 400 ಮಿ.ಮೀ. ಅಗಲ, ನೀರಿನಿಂದ ತಂಪಾಗುವ ಒಂದೂವರೆ ಕಿಲೋವಾಟಿನ ಸ್ಪಿಂಡಲ್. ಸಭೆಯಲ್ಲಿ ಸಲಹೆ ಬಂದದ್ದು ಚಿಕ್ಕದರ ಬಗ್ಗೆ. ದೊಡ್ಡದನ್ನು ಹೋಲಿಕೆಗೆಂದು ಬಳಸಿಕೊಂಡೆವು.

ಕಾಗದದ ಮೇಲಿನ ನಿಖರತೆ

ಮಾರುವವರು ಕೊಟ್ಟ ಕಾಗದದಲ್ಲಿ ಚಿಕ್ಕ ಯಂತ್ರದ ನಿಖರತೆ ಒಂದು ಮಿ.ಮೀ.ನ ಎಂಟುನೂರನೆಯ ಒಂದು ಭಾಗ ಎಂದಿತ್ತು. ನೋಡಿ ನಾವೂ ಬೆರಗಾಗಿದ್ದೆವು. ಮುಂಗಡ ಕೊಟ್ಟೇ ಬಿಡೋಣವೆಂದು ನಮ್ಮಲ್ಲಿಬ್ಬರು ಹೇಳಿದ್ದೂ ಉಂಟು.

ಆ ಅಂಕಿ ಎಲ್ಲಿಂದ ಬಂತು ಎಂಬುದನ್ನು ಸದಸ್ಯರು ತಿಳಿದಿರಬೇಕು. ತಿರುಪನ್ನು ತಿರುಗಿಸುವ ಮೋಟಾರು ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಮುಗಿಸುತ್ತದೆ. ಪ್ರತಿ ಹೆಜ್ಜೆಯನ್ನು ಫಲಕವು ಮತ್ತೆ 16 ಪಾಲು ಮಾಡುತ್ತದೆ. ಹೀಗೆ ಒಂದು ಸುತ್ತಿಗೆ 3,200 ಪಾಲು. ಒಂದು ಸುತ್ತಿಗೆ ತಿರುಪು 4 ಮಿ.ಮೀ. ಮುಂದೆ ಹೋಗುತ್ತದೆ. 3,200ನ್ನು 4ರಿಂದ ಭಾಗಿಸಿದರೆ ಮಿ.ಮೀ.ಗೆ 800. ಲೆಕ್ಕ ಸರಿಯಾಗಿಯೇ ಇದೆ. ಆದರೆ ಇದು ಅಪ್ಪಣೆಯ ಲೆಕ್ಕ, ಕೊರೆತದ ಲೆಕ್ಕವಲ್ಲ. ಬಿಟ್ಟಿಗೆ ಮರ ಎದುರಾದಾಗ ಚೌಕಟ್ಟು ಬಾಗುತ್ತದೆ, ತಿರುಪಿನ ನಟ್ಟಿನಲ್ಲಿ ಸಡಿಲವಿರುತ್ತದೆ, ಬಿಟ್ ತಾನೂ ಒಲೆಯುತ್ತದೆ. ಗಾಳಿಯಲ್ಲಿ ಸರಿಯಾಗಿ ಚಲಿಸುವ ಯಂತ್ರ ಮರದಲ್ಲೂ ಸರಿಯಾಗಿ ಕೊರೆಯುತ್ತದೆ ಎಂದು ಭಾವಿಸಬಾರದು.

ಇದನ್ನು ನೋಡಲು ಒಂದು ಸುಲಭ ಪರೀಕ್ಷೆ ಮಾಡಿದೆವು. ಯಂತ್ರಕ್ಕೆ ವಿದ್ಯುತ್ ಕೊಟ್ಟು, ಮೋಟಾರುಗಳು ಬಿಗಿ ಹಿಡಿದು ನಿಂತಿರುವಾಗ, ಸ್ಪಿಂಡಲ್ಲಿಗೆ ದಾರ ಕಟ್ಟಿ ಸ್ಪ್ರಿಂಗ್ ಕಾಟಾದಿಂದ ಪಕ್ಕಕ್ಕೆ ಎಳೆದೆವು. ಎದುರಿಗೆ ಡಯಲ್ ಗೇಜ್ ಇಟ್ಟಿದ್ದೆವು. ಎರಡು ಕಿಲೋ ಎಳೆತಕ್ಕೆ ಚಿಕ್ಕ ಯಂತ್ರದಲ್ಲಿ ಮುಳ್ಳು 0.15 ಮಿ.ಮೀ. ಸರಿಯಿತು. ದೊಡ್ಡದರಲ್ಲಿ ಮುಳ್ಳು ಅಲುಗಿತೆನ್ನುವಷ್ಟೇ. ಎಂಟುನೂರನೆಯ ಒಂದು ಭಾಗವೆಂಬ ಮಾತು ಅಲ್ಲಿಗೇ ಮುಗಿಯಿತು. ಡಯಲ್ ಗೇಜ್ ಮತ್ತು ತೋಟದ ಕಾಟಾ ಇದ್ದರೆ ಈ ಪರೀಕ್ಷೆಯನ್ನು ಯಾರೂ ಮಾಡಬಹುದು.

ಹಲಗೆಯ ಆಯ್ಕೆ

ಯಂತ್ರದಷ್ಟೇ ಹಲಗೆಯನ್ನೂ ತಿಳಿಯಬೇಕು. ಪ್ಲೈವುಡ್ ಎಂದರೆ ದಿಮ್ಮಿಯನ್ನು ಪೆನ್ಸಿಲ್ ಹೆರೆದಂತೆ ಸುತ್ತಲೂ ಹೆರೆದು ತೆಗೆದ ತೆಳು ಹಾಳೆಗಳನ್ನು ಒಂದರ ನಾರು ಉದ್ದಕ್ಕೆ, ಇನ್ನೊಂದರ ನಾರು ಅಡ್ಡಕ್ಕೆ ಬರುವಂತೆ ಅಂಟಿಸಿ ಒತ್ತಿದ ಹಲಗೆ. ಪದರಗಳ ಸಂಖ್ಯೆ ಸಾಮಾನ್ಯವಾಗಿ ಬೆಸವಾಗಿರುತ್ತದೆ. ನಮ್ಮ ಕಾಫಿ ತೋಟಗಳಲ್ಲಿ ನೆರಳಿಗೂ ಕಾಳುಮೆಣಸಿನ ಬಳ್ಳಿಗೂ ಬೆಳೆಸುವ ಸಿಲ್ವರ್ ಓಕ್ ಮರಗಳು ಪ್ಲೈವುಡ್ ಕಾರ್ಖಾನೆಗೆ ಹೋಗುವುದು ಸದಸ್ಯರಿಗೆ ಗೊತ್ತೇ ಇದೆ. ನಾವು ಮಾರಿದ ಮರವೇ ಹಲಗೆಯಾಗಿ ನಮ್ಮ ಬಳಿಗೆ ಮರಳಿ ಬರುವುದೂ ಸಾಧ್ಯ.

ಸಾಮಾನ್ಯ ಬಳಕೆಯ ಪ್ಲೈವುಡ್ಡಿಗೆ ಭಾರತೀಯ ಮಾನಕ ಸಂಖ್ಯೆ ಐ.ಎಸ್. 303. ಇದರಲ್ಲಿ ತೇವ ಮಾತ್ರ ತಡೆಯುವ ಎಂ.ಆರ್. ದರ್ಜೆಗೆ ಸಾಮಾನ್ಯವಾಗಿ ಯೂರಿಯಾ ಅಂಟು, ಕುದಿ ನೀರನ್ನೂ ತಡೆಯುವ ಬಿ.ಡಬ್ಲ್ಯೂ.ಆರ್. ದರ್ಜೆಗೆ ಫೀನಾಲ್ ಅಂಟು ಹಾಕುತ್ತಾರೆ. ದೋಣಿ ಮುಂತಾದವಕ್ಕೆ ಬಳಸುವ ಹಲಗೆಯ ಮಾನಕ ಐ.ಎಸ್. 710. ಫೀನಾಲ್ ಅಂಟಿನ ಪದರ ಅಂಚಿನಲ್ಲಿ ಕಪ್ಪು ಗೆರೆಯಾಗಿ ಕಾಣುತ್ತದೆ. ಗಟ್ಟಿಯಾದ ಈ ಅಂಟು ಬಿಟ್ಟಿನ ಹರಿತವನ್ನು ಬೇಗ ತಿನ್ನುತ್ತದೆ. ಆದ್ದರಿಂದ ಪ್ಲೈವುಡ್ಡಿಗೆ ಸಾಧಾರಣ ಉಕ್ಕಿನ ಬಿಟ್ ಬೇಡ, ಕಾರ್ಬೈಡ್ ಬಿಟ್ ಬೇಕು.

ನಾವು 12 ಮಿ.ಮೀ. ದಪ್ಪದ ಎಂ.ಆರ್. ಮತ್ತು ಬಿ.ಡಬ್ಲ್ಯೂ.ಆರ್. ತುಂಡುಗಳನ್ನು ತಂದೆವು. ವರ್ನಿಯರ್ ಹಿಡಿದು ನೋಡಿದರೆ ಯಾವುದೂ ಸರಿಯಾಗಿ 12 ಇರಲಿಲ್ಲ. ಒಂದೇ ತುಂಡಿನ ಎರಡು ಮೂಲೆಗಳಲ್ಲೂ ವ್ಯತ್ಯಾಸವಿತ್ತು. ಎಂ.ಆರ್. ತುಂಡನ್ನು ಗರಗಸದಲ್ಲಿ ಕೊಯ್ದಾಗ ನಡುಪದರದಲ್ಲಿ ಬೆರಳುಗುರು ಹೋಗುವಷ್ಟು ಪೊಳ್ಳು ಕಂಡಿತು. ಮಾದರಿಯ ಅಂಚಿನಲ್ಲಿ ಇಂಥ ಪೊಳ್ಳು ಬಂದರೆ ಎರಕದಲ್ಲೂ ಅದೇ ಗುಂಡಿಯ ಗುರುತು ಮೂಡುತ್ತದೆ. ಹಲಗೆ ಕೊಳ್ಳುವಾಗ ನಾಲ್ಕೂ ಅಂಚು ನೋಡಿ, ಬೆರಳಿನಿಂದ ತಟ್ಟಿ ಸದ್ದು ಕೇಳಿ ಕೊಳ್ಳಬೇಕು.

ಹಲ್ಲಿಗೊಂದು ತುತ್ತು

ಇನ್ನು ಮುಖ್ಯ ಪಾಠ. ಬಿಟ್ಟಿನ ಪ್ರತಿ ಹಲ್ಲು ಒಂದು ಸುತ್ತಿನಲ್ಲಿ ಮರದಿಂದ ಎಷ್ಟು ದಪ್ಪದ ಚಕ್ಕೆ ಎತ್ತುತ್ತದೆ ಎಂಬುದರ ಮೇಲೆ ಕೊರೆತದ ಗುಣ ನಿಂತಿದೆ. ಇದನ್ನು ನಾವು ಹಲ್ಲಿನ ತುತ್ತು ಎಂದು ಕರೆದುಕೊಂಡೆವು. ಲೆಕ್ಕ ಸುಲಭ:

ತುತ್ತು = ನಿಮಿಷಕ್ಕೆ ಚಲಿಸುವ ದೂರ ÷ (ನಿಮಿಷಕ್ಕೆ ಸುತ್ತು × ಹಲ್ಲುಗಳ ಸಂಖ್ಯೆ)

ಮೂರು ಮಿ.ಮೀ. ಆಸುಪಾಸಿನ ಬಿಟ್ಟಿಗೆ ಪ್ಲೈವುಡ್‌ನಲ್ಲಿ 0.05 ಮಿ.ಮೀ.ನಿಂದ 0.1 ಮಿ.ಮೀ. ತುತ್ತು ಒಳ್ಳೆಯದು. ತುತ್ತು ತೀರ ಚಿಕ್ಕದಾದರೆ ಹಲ್ಲು ಮರವನ್ನು ಕಡಿಯದೆ ಉಜ್ಜುತ್ತದೆ. ಉಜ್ಜಿದರೆ ಶಾಖ, ಶಾಖದಿಂದ ಹೊಗೆ, ಬಿಟ್ಟೂ ಮೊಂಡಾಗುತ್ತದೆ. ತುತ್ತು ತೀರ ದೊಡ್ಡದಾದರೆ ಯಂತ್ರಕ್ಕೆ ತಳ್ಳುವ ಶಕ್ತಿ ಸಾಲದೆ ದಾರಿ ತಪ್ಪುತ್ತದೆ.

ಚಿಕ್ಕ ಯಂತ್ರದ ಮೋಟಾರು ನಿಮಿಷಕ್ಕೆ 10,000 ಸುತ್ತು ಎಂದು ಬರೆದಿತ್ತು. ಬೆಳಕಿನ ಟ್ಯಾಕೋಮೀಟರ್ ಹಿಡಿದಾಗ, ಮರ ಕೊರೆಯುವ ಹೊತ್ತಿನಲ್ಲಿ ಅದು 8,000ದ ಹತ್ತಿರಕ್ಕೆ ಇಳಿಯುತ್ತಿತ್ತು. ಆದ್ದರಿಂದ ಲೆಕ್ಕಕ್ಕೆ ನಾವು 8,000ವನ್ನೇ ಹಿಡಿದೆವು. 3.175 ಮಿ.ಮೀ. ವ್ಯಾಸದ ಎರಡು ಹಲ್ಲಿನ ಬಿಟ್ ಕಚ್ಚಿಸಿ, ಬಿ.ಡಬ್ಲ್ಯೂ.ಆರ್. ಹಲಗೆಯಲ್ಲಿ ಒಂದು ಮಿ.ಮೀ. ಆಳದ ನೇರ ಗಾಡಿಗಳನ್ನು ಬೇರೆ ಬೇರೆ ವೇಗದಲ್ಲಿ ಹೊಡೆದೆವು. ಕಂಡದ್ದು ಹೀಗೆ:

ನಿಮಿಷಕ್ಕೆ 200 ಮಿ.ಮೀ., ತುತ್ತು 0.0125: ಗೋಧಿ ಹಿಟ್ಟಿನಂಥ ಹುಡಿ. ಗಾಡಿಯ ಬದಿ ಕಂದಾಗಿ ಸುಟ್ಟ ವಾಸನೆ.
ನಿಮಿಷಕ್ಕೆ 400 ಮಿ.ಮೀ., ತುತ್ತು 0.025: ಹುಡಿಯೇ ಹೆಚ್ಚು. ವಾಸನೆ ಕಡಿಮೆ.
ನಿಮಿಷಕ್ಕೆ 600 ಮಿ.ಮೀ., ತುತ್ತು 0.0375: ಚಕ್ಕೆ ಬೀಳತೊಡಗಿತು. ಚೌಕಟ್ಟು ಸಣ್ಣಗೆ ನಡುಗಿತು.
ನಿಮಿಷಕ್ಕೆ 800 ಮಿ.ಮೀ., ತುತ್ತು 0.05: ಚಕ್ಕೆ ಚೆನ್ನಾಗಿತ್ತು, ಆದರೆ ಗಾಡಿಯ ಬದಿ ಅಲೆಅಲೆಯಾಯಿತು.
ನಿಮಿಷಕ್ಕೆ 1,000 ಮಿ.ಮೀ., ತುತ್ತು 0.0625: ಯಂತ್ರ ಹೆಜ್ಜೆ ತಪ್ಪಿ ಗಾಡಿ ಓರೆಯಾಯಿತು.

ಇಲ್ಲಿ ನಾವು ಸಿಕ್ಕಿಬಿದ್ದೆವು. ಬಿಟ್ಟಿಗೆ ಹಿತವಾದ ವೇಗ ಯಂತ್ರಕ್ಕೆ ಆಗುವುದಿಲ್ಲ, ಯಂತ್ರಕ್ಕೆ ಹಿತವಾದ ವೇಗ ಬಿಟ್ಟಿಗೆ ಆಗುವುದಿಲ್ಲ. ಆಗ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು, ಮೊದಲು ಪ್ಯಾಟರ್ನ್ ಬಡಗಿಯಾಗಿದ್ದವರು, ಹುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, “ಇದು ಕಟಗಿ ಕಡಿಯಾಕತ್ತಿಲ್ರಿ, ಬರೇ ತಿಕ್ಕಾಕತ್ತೈತಿ. ಒಂದ ಹಲ್ಲಿನ ಬಿಟ್ ಹಾಕಿ ನೋಡ್ರಿ” ಎಂದರು. ಲೆಕ್ಕ ಹಾಕಿದರೆ ಅವರ ಮಾತು ಸರಿ. ಹಲ್ಲು ಒಂದೇ ಆದರೆ, ಅದೇ 400ರ ವೇಗದಲ್ಲಿ ತುತ್ತು ತಾನಾಗಿ 0.05ಕ್ಕೆ ಏರುತ್ತದೆ. ಹಾಕಿದೆವು. ಚಕ್ಕೆ ಬಿತ್ತು, ಹೊಗೆ ಇಲ್ಲ, ನಡುಕ ಇಲ್ಲ. ದುರ್ಬಲ ಯಂತ್ರಕ್ಕೆ ಒಂದು ಹಲ್ಲಿನ ಬಿಟ್ಟೇ ಸರಿ ಎಂಬುದು ನಾವು ಕಲಿತ ಮೊದಲ ಪಾಠ.

ದೊಡ್ಡ ಯಂತ್ರದಲ್ಲಿ ಇದೇ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ 18,000 ಸುತ್ತು, ಎರಡು ಹಲ್ಲು, ಅದೇ 0.05 ತುತ್ತು ಬೇಕೆಂದರೆ ನಿಮಿಷಕ್ಕೆ 1,800 ಮಿ.ಮೀ. ಚಲಿಸಬೇಕು. ಅದು ಮೂರು ಮಿ.ಮೀ. ಆಳದಲ್ಲೂ ಆ ವೇಗವನ್ನು ತಡೆದುಕೊಂಡಿತು. ಒಬ್ಬರ ಯಂತ್ರದ ವೇಗವನ್ನು ಇನ್ನೊಬ್ಬರು ಕಣ್ಣು ಮುಚ್ಚಿ ನಕಲು ಮಾಡಬಾರದು. ನಕಲು ಮಾಡಬೇಕಾದ್ದು ತುತ್ತಿನ ಲೆಕ್ಕವನ್ನು.

ಆಳದ ಪರೀಕ್ಷೆಯನ್ನೂ ಮಾಡಿದೆವು. ಚಿಕ್ಕ ಯಂತ್ರದಲ್ಲಿ ಅರ್ಧ, ಒಂದು, ಒಂದೂವರೆ, ಎರಡು ಮಿ.ಮೀ. ಹೀಗೆ ಏರಿಸುತ್ತ ಹೋದಾಗ ಒಂದೂವರೆಯಲ್ಲಿ ಸದ್ದು ಬದಲಾಯಿತು, ಎರಡರಲ್ಲಿ ಬಿಟ್ ಹಿಂದೆ ಜಗ್ಗಿತು. ಒಂದು ಮಿ.ಮೀ. ಅದರ ಹಿತವಾದ ಆಳ.

ಅಂಚಿನ ನಾರು

ಪ್ಲೈವುಡ್ಡಿನ ಮೇಲ್ಪದರದ ನಾರಿಗೆ ಅಡ್ಡವಾಗಿ ಕೊರೆದಲ್ಲಿ ಅಂಚು ಸಿಬಿರೆದ್ದು ನಿಲ್ಲುತ್ತದೆ. ಚಕ್ಕೆಯನ್ನು ಮೇಲಕ್ಕೆ ಎಳೆಯುವ ಸುರುಳಿಯ ಬಿಟ್ ಗಾಡಿಯನ್ನು ಚೊಕ್ಕಟವಾಗಿಡುತ್ತದೆ, ಆದರೆ ಮೇಲಂಚಿನ ನಾರನ್ನು ಎಬ್ಬಿಸುತ್ತದೆ. ಕೆಳಕ್ಕೆ ಒತ್ತುವ ಸುರುಳಿಯ ಬಿಟ್ ಮೇಲಂಚನ್ನು ನಯವಾಗಿಡುತ್ತದೆ, ಆದರೆ ಹುಡಿಯನ್ನು ಗಾಡಿಯೊಳಗೇ ತುಂಬಿ ಬಿಸಿ ಮಾಡುತ್ತದೆ. ನಮಗೆ ಹೊಂದಿದ ಉಪಾಯವೆಂದರೆ ಮೇಲಕ್ಕೆ ಎಳೆಯುವ ಬಿಟ್ಟನ್ನೇ ಇಟ್ಟುಕೊಂಡು, ಮೊದಲ ಸುತ್ತನ್ನು 0.3 ಮಿ.ಮೀ. ಆಳಕ್ಕೆ ಮಾತ್ರ ತೇಲಿಸುವುದು. ಬಡಗಿ ಗರಗಸ ಇಡುವ ಮೊದಲು ಉಳಿಯಿಂದ ಗೀರು ಎಳೆದುಕೊಳ್ಳುವುದು ಇದಕ್ಕೇ. ಹಲಗೆಯ ಅಡಿಗೆ ಇನ್ನೊಂದು ರದ್ದಿ ಹಲಗೆಯನ್ನು ಬಿಗಿಯಾಗಿ ಕೊಟ್ಟರೆ ಕೆಳಂಚೂ ಒಡೆಯುವುದಿಲ್ಲ.

ಬಿಲ್ಲೆಯ ಪರೀಕ್ಷೆ

50 ಮಿ.ಮೀ. ವ್ಯಾಸದ ಗುಂಡು ಬಿಲ್ಲೆಯೊಂದನ್ನು ಎರಡೂ ಯಂತ್ರಗಳಲ್ಲಿ ಕೊರೆದೆವು. ಚಿಕ್ಕ ಯಂತ್ರದ ಬಿಲ್ಲೆ ಒಂದು ದಿಕ್ಕಿಗೆ 50.1, ಇನ್ನೊಂದು ದಿಕ್ಕಿಗೆ 50.35 ಬಂತು. ದೊಡ್ಡದರದು 50.05 ಮತ್ತು 50.1. ಚಿಕ್ಕದರ ಬಿಲ್ಲೆಯನ್ನು ಬೆಳಕಿಗೆ ಹಿಡಿದರೆ ದಿಕ್ಕು ಬದಲಾಗುವ ನಾಲ್ಕು ಕಡೆ ಸಣ್ಣ ಚಪ್ಪಟೆ ಕಾಣುತ್ತಿತ್ತು. ಇದು ನಟ್ಟಿನ ಸಡಿಲದ ಗುರುತು. ಮುಂದೆ ಹೋಗುತ್ತಿದ್ದ ತಿರುಪು ಹಿಂದಕ್ಕೆ ತಿರುಗಿದಾಗ ಮೊದಲ ಕೆಲವು ಹೆಜ್ಜೆ ಸಡಿಲವನ್ನು ತುಂಬಲಿಕ್ಕೇ ಹೋಗುತ್ತದೆ. ಸುತ್ತಲೂ 0.3 ಮಿ.ಮೀ. ಉಳಿಸಿಕೊಂಡು ಕೊರೆದು, ಕೊನೆಗೆ ಒಂದು ಹಗುರ ಸುತ್ತು ಹಾಕಿದಾಗ ತಪ್ಪು ಅರ್ಧದಷ್ಟು ಇಳಿಯಿತು. ಪೂರ್ತಿ ಹೋಗಲಿಲ್ಲ.

ಜರಡಿಯಲ್ಲಿ ಸೋತದ್ದು

ಈಗ ಎರಡನೆಯ ಆಸೆಯ ವಿಷಯ. ಅರೇಬಿಕಾ ಪ್ಲಾಂಟೇಷನ್ ಬೀಜದಲ್ಲಿ ಎಎ ದರ್ಜೆಗೆ 7.10 ಮಿ.ಮೀ., ಎ ದರ್ಜೆಗೆ 6.65 ಮಿ.ಮೀ., ಬಿ ದರ್ಜೆಗೆ 6 ಮಿ.ಮೀ. ಗುಂಡು ತೂತಿನ ಜರಡಿ. ಒಂದು ದರ್ಜೆಗೂ ಇನ್ನೊಂದಕ್ಕೂ ಇರುವ ಅಂತರ ಅರ್ಧ ಮಿ.ಮೀ. ಆಸುಪಾಸು ಮಾತ್ರ.

4 ಮಿ.ಮೀ. ಪ್ಲೈವುಡ್‌ನಲ್ಲಿ 6.65ರ ಹತ್ತು ತೂತುಗಳನ್ನು ಎರಡೂ ಯಂತ್ರಗಳಲ್ಲಿ ಕೊರೆದು, ಮೈಕ್ರೋಮೀಟರಿನಲ್ಲಿ ಅಳೆದಿಟ್ಟುಕೊಂಡ ಡ್ರಿಲ್ ಕಡ್ಡಿಗಳ ಹಿಂಬದಿಯನ್ನು ಹಾಕಿ ನೋಡಿದೆವು. ಚಿಕ್ಕ ಯಂತ್ರದ ಹತ್ತು ತೂತುಗಳಲ್ಲಿ 6.6ರ ಕಡ್ಡಿ ಸಲೀಸಾಗಿ ಹೋದದ್ದು ಮೂರರಲ್ಲಿ. ಉಳಿದವಕ್ಕೆ 6.5ರ ಕಡ್ಡಿಯೇ ಉಜ್ಜಿಕೊಂಡು ಹೋಯಿತು. ದೊಡ್ಡ ಯಂತ್ರದ ಹತ್ತೂ ತೂತುಗಳಲ್ಲಿ 6.6 ಹೋಯಿತು, 6.7 ಯಾವುದರಲ್ಲೂ ಹೋಗಲಿಲ್ಲ. ಅಂದರೆ ದೊಡ್ಡದು ಗೆದ್ದಿತೆಂದು ತಿಳಿದೆವು.

ಆದರೆ ನಮ್ಮ ಮಳೆಗಾಲ ನೆನಪಾಗಿ, ಆ ಎರಡೂ ತುಂಡುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ರಾತ್ರಿಯಿಡೀ ಇಟ್ಟೆವು. ಬೆಳಿಗ್ಗೆ ನೋಡಿದರೆ ಒಳಗಿನ ನಾರುಗಳೆದ್ದು ದೊಡ್ಡ ಯಂತ್ರದ ತೂತುಗಳಲ್ಲೂ 6.6ರ ಕಡ್ಡಿ ಸಿಕ್ಕಿಕೊಳ್ಳುತ್ತಿತ್ತು. ಇಲ್ಲಿ ಸೋತದ್ದು ಯಂತ್ರವಲ್ಲ, ಮರ. ಜೊತೆಗೆ ಹೊತ್ತಿನ ಲೆಕ್ಕವೂ ಇದೆ. ಚಿಕ್ಕ ಜರಡಿಗೂ ಐನೂರಕ್ಕೆ ಮೇಲ್ಪಟ್ಟು ತೂತು ಬೇಕು. ತೂತಿಗೆ 12 ಸೆಕೆಂಡ್ ಎಂದರೂ ನೂರು ನಿಮಿಷ.

ತೂತು ಚಿಕ್ಕದಾದರೆ ಆಗುವ ನಷ್ಟವನ್ನು ಸದಸ್ಯರು ಯೋಚಿಸಬೇಕು. ಕೆಳಗೆ ಬೀಳಬೇಕಾದ ಬೀಜ ಜರಡಿಯ ಮೇಲೆ ಉಳಿಯುತ್ತದೆ. ನಮ್ಮ ಬೀಜವೆಲ್ಲ ಎ ದರ್ಜೆಯೆಂದು ನಾವು ಹಿಗ್ಗುತ್ತೇವೆ. ಕೊಳ್ಳುವವರ ಲೋಹದ ಜರಡಿಯಲ್ಲಿ ಅದೇ ಬೀಜ ಕೆಳಗೆ ಬಿದ್ದಾಗ, ಅವರು ಮೋಸ ಮಾಡಿದರೆಂದು ಜಗಳಕ್ಕೆ ನಿಲ್ಲುತ್ತೇವೆ. ಸುಳ್ಳು ಹೇಳಿದ್ದು ನಮ್ಮದೇ ಜರಡಿ. ಸಂಘದ ಹೆಸರಿನಲ್ಲಿ ಅಂಥ ಜರಡಿ ಹಂಚುವುದು ತಪ್ಪು ತಕ್ಕಡಿ ಹಂಚಿದಷ್ಟೇ ಕೆಟ್ಟದ್ದು. ಜರಡಿಯ ಚೌಕಟ್ಟನ್ನು ಪ್ಲೈವುಡ್‌ನಲ್ಲಿ ಮಾಡಬಹುದು. ತಳಕ್ಕೆ ಅಚ್ಚಿನಿಂದ ತೂತು ಹೊಡೆದ ಲೋಹದ ತಗಡೇ ಬೇಕು.

ಪ್ಯಾಟರ್ನಿನಲ್ಲಿ ಗೆದ್ದದ್ದು

ಜರಡಿಗೆ ಅನರ್ಹವಾದ ಅದೇ ಚಿಕ್ಕ ಯಂತ್ರ ಪ್ಯಾಟರ್ನಿಗೆ ಸಾಕಾಯಿತು. ಹೇಗೆಂದರೆ, ಬೀಡು ಕಬ್ಬಿಣ ಆರುವಾಗ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಆಮೇಲೆ ಲೇತಿನಲ್ಲಿ ಕಡಿಯಲಿಕ್ಕೂ ಮೈ ಬಿಡಬೇಕು. 150 ಮಿ.ಮೀ. ಪುಲ್ಲಿಗೆ ಬದಿಗೆ 3 ಮಿ.ಮೀ.ನಂತೆ ಮೈ ಬಿಟ್ಟರೆ 156. ಅದಕ್ಕೆ ಕುಗ್ಗುವ ಪಾಲು ಸೇರಿಸಿದರೆ ಮಾದರಿಯ ವ್ಯಾಸ ಸುಮಾರು 157.6. ಮೂರು ಮಿ.ಮೀ. ಮೈ ಲೇತಿನಲ್ಲಿ ಹೋಗುವ ಕಡೆ 0.35 ಮಿ.ಮೀ. ತಪ್ಪಿಗೆ ಬೆಲೆಯಿಲ್ಲ. ಬಿ.ಡಬ್ಲ್ಯೂ.ಆರ್. ಹಲಗೆಯಲ್ಲಿ ಇಂಥ ಒಂದು ಬಿಲ್ಲೆ ಕೊರೆಯಲು, ಒಂದು ಮಿ.ಮೀ.ನಂತೆ ಹನ್ನೆರಡು ಸುತ್ತು, ಹದಿನೈದು ನಿಮಿಷ ಹಿಡಿಯಿತು. ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಿದರೆ ಪುಲ್ಲಿಯ ಮಾದರಿ ಸಿದ್ಧ.

ಹೆಮ್ಮೆಯಿಂದ ಅದನ್ನು ಆ ಹಿರಿಯರಿಗೆ ತೋರಿಸಿದೆವು. ಅವರು ತಿರುಗಿಸಿ ನೋಡಿ, “ಆಕಾರ ಛಲೋ ಬಂದೈತ್ರಿ. ಆದ್ರ ಬದಿ ನೆಟ್ಟಗ ನಿಂತೈತಿ. ಮರಳಿನ್ಯಾಗಿಂದ ಎತ್ತೂಮುಂದ ಮರಳನ್ನೂ ಕಿತ್ಕೊಂಡ ಬರತೈತಿ” ಎಂದರು. ಮಾದರಿಯ ಬದಿ ಒಂದೆರಡು ಡಿಗ್ರಿಯಷ್ಟು ಓರೆಯಾಗಿರಬೇಕೆಂಬುದನ್ನು ನಾವು ಮರೆತಿದ್ದೆವು. 12 ಮಿ.ಮೀ. ದಪ್ಪಕ್ಕೆ ಎರಡು ಡಿಗ್ರಿ ಎಂದರೆ ಸುಮಾರು 0.4 ಮಿ.ಮೀ. ಉಜ್ಜುಕಾಗದ ಹಿಡಿದು ಅವರು ಅರ್ಧ ಗಂಟೆಯಲ್ಲಿ ಅದನ್ನು ಸರಿಮಾಡಿ, ಅರಗಿನ ವಾರ್ನಿಷ್ ಬಳಿದುಕೊಟ್ಟರು. ಯಂತ್ರ ಬಂದರೆ ಬಡಗಿ ಬೇಡ ಎಂಬ ಮಾತು ಸುಳ್ಳೆಂದು ನಮಗೆ ಅಲ್ಲಿಯೇ ಮನವರಿಕೆಯಾಯಿತು.

ಬೆಂಕಿ, ಹುಡಿ, ಕರೆಂಟು

ನಮ್ಮದೇ ಒಂದು ತಪ್ಪನ್ನು ಮುಚ್ಚಿಡದೆ ಹೇಳುತ್ತೇವೆ. ನಿಮಿಷಕ್ಕೆ 200ರ ವೇಗದಲ್ಲಿ ಎರಡನೆಯ ಗಾಡಿ ಹೊಡೆಯಲು ಬಿಟ್ಟು ಎಲ್ಲರೂ ಚಹಾಕ್ಕೆ ಹೋದೆವು. ಮರಳಿ ಬಂದಾಗ ಗಾಡಿಯಲ್ಲಿ ತುಂಬಿದ್ದ ಹುಡಿ ಕೆಂಡವಾಗಿ ಹೊಗೆಯಾಡುತ್ತಿತ್ತು. ನೀರು ಚಿಮುಕಿಸಿ ಆರಿಸಿದೆವು. ಅಡಿಕೆ ಸಿಪ್ಪೆ, ಗೋಣಿ ತುಂಬಿದ ನಮ್ಮ ಶೆಡ್ಡಿನಲ್ಲಿ ಹೀಗಾಗಿದ್ದರೆ? ಯಂತ್ರ ಓಡುವಾಗ ಒಬ್ಬರು ಎದುರಿಗೆ ಇರಲೇಬೇಕು.

ಮರದ ಹುಡಿಯನ್ನು 1995ರಲ್ಲೂ, ಪ್ಲೈವುಡ್ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡನ್ನು 2004ರಲ್ಲೂ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹುಡಿ ಎಳೆಯುವ ಯಂತ್ರ, ಮುಖಕ್ಕೆ ಸರಿಯಾದ ಮಾಸ್ಕ್, ಕಣ್ಣಿಗೆ ಕನ್ನಡಕ ಇಲ್ಲದೆ ಕೆಲಸ ಮಾಡಕೂಡದು. ಮೂಗಿಗೆ ಟವೆಲ್ ಸುತ್ತಿಕೊಂಡರೆ ಸಾಲದು.

ಕರೆಂಟು ಹೋದರೆ ಏನಾಗುತ್ತದೆಂದು ನೋಡಲು ನಡುವೆ ಬೇಕೆಂದೇ ಸ್ವಿಚ್ ಆರಿಸಿದೆವು. ಚಿಕ್ಕ ಯಂತ್ರಕ್ಕೆ ತಾನು ಎಲ್ಲಿದ್ದೆನೆಂಬುದೇ ಮರೆತುಹೋಯಿತು. ಕಣ್ಣಳತೆಯಲ್ಲಿ ಮತ್ತೆ ಹೊಂದಿಸಿ ಓಡಿಸಿದಾಗ ಹೊಸ ಗಾಡಿ ಹಳೆಯದಕ್ಕಿಂತ ಪಕ್ಕಕ್ಕೆ ಬಂತು. ಮೇಜಿನ ಒಂದು ಮೂಲೆಗೆ ಲೋಹದ ತಡೆ ಕೂರಿಸಿ, ಹಲಗೆಯನ್ನೂ ಬಿಟ್ಟನ್ನೂ ಪ್ರತಿಸಲ ಅಲ್ಲಿಂದಲೇ ಎಣಿಸುವ ಪದ್ಧತಿ ಇಟ್ಟುಕೊಳ್ಳಬೇಕು. 24 ವೋಲ್ಟಿನ ಚಿಕ್ಕ ಯಂತ್ರವನ್ನು ಇನ್ವರ್ಟರಿನ ಮೇಲೆ ನಡೆಸಬಹುದೆಂಬುದು ಅದರ ಒಂದು ಅನುಕೂಲ. ದೊಡ್ಡದಕ್ಕೆ ನಮ್ಮ ಊರಿನ ವೋಲ್ಟೇಜ್ ಆಧಾರವಲ್ಲ.

ನಮ್ಮ ಶಿಫಾರಸು

ಸಮಿತಿಯ ಮುಂದೆ ನಾವು ಇಟ್ಟ ವರದಿಯ ಸಾರ ಇಷ್ಟು.

1. ಮಾದರಿ ಜರಡಿಗೆಂದು ಈ ಯಂತ್ರ ಕೊಳ್ಳುವುದು ಬೇಡ. ಲೋಹದ ಜರಡಿಗಳನ್ನು ಸಂಘವೇ ಒಟ್ಟಾಗಿ ತರಿಸಲಿ.
2. ಪ್ಯಾಟರ್ನ್ ಕೆಲಸಕ್ಕೆ ಚಿಕ್ಕ ಯಂತ್ರ ಸಾಕು. ಆದರೆ ಹುಡಿ ಎಳೆಯುವ ವ್ಯವಸ್ಥೆ ಮತ್ತು ಅಡಿಕೆ ಸಿಪ್ಪೆಯಿಂದ ದೂರವಾದ ಪ್ರತ್ಯೇಕ ಕೋಣೆ ಮೊದಲು ಆಗಬೇಕು.
3. ಶೆಡ್ಡಿನ ಒಬ್ಬರಿಗೆ ತರಬೇತಿ ಕೊಡಿಸಬೇಕು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರದ ಶಾಖೆ ಹುಬ್ಬಳ್ಳಿಯಲ್ಲಿದೆ. ಅಲ್ಲಿ ವಿಚಾರಿಸಬಹುದು.
4. ಮೊದಲ ವರ್ಷ ಅನುಭವಸ್ಥ ಪ್ಯಾಟರ್ನ್ ಬಡಗಿಯೊಬ್ಬರನ್ನು ದಿನಗೂಲಿಯ ಮೇಲೆ ಕರೆಸಿ, ಓರೆ ಕೊಡುವ ಕೈಕೆಲಸವನ್ನು ನಮ್ಮ ಹುಡುಗರಿಗೆ ಕಲಿಸಬೇಕು.

ಕೊಳ್ಳುವ ತೀರ್ಮಾನ ಸಾಮಾನ್ಯ ಸಭೆಯದು. ಸದಸ್ಯರಲ್ಲಿ ಒಂದು ಮಾತನ್ನು ಮಾತ್ರ ಬಿನ್ನವಿಸುತ್ತೇವೆ. ಸುಲಿಯುವ ಯಂತ್ರವಾಗಲಿ, ಸಿಂಪಡಿಸುವ ಪಂಪಾಗಲಿ, ಯಾವುದನ್ನು ಕೊಳ್ಳುವಾಗಲೂ ಕಾಗದದ ಅಂಕಿಯನ್ನು ನೋಡಿ ದುಡ್ಡು ಕೊಡಬೇಡಿ. ನಿಮ್ಮದೇ ಅಡಿಕೆ, ನಿಮ್ಮದೇ ಹಲಗೆ ಒಯ್ದು, ನಿಮ್ಮ ಕೆಲಸವನ್ನೇ ಮಾಡಿಸಿ, ಅಳೆದು ನೋಡಿ. ನಾವು ಕೊರೆದ ಬಿಲ್ಲೆ, ತೂತಿನ ತುಂಡು, ಸುಟ್ಟ ಗಾಡಿಯ ಹಲಗೆ ಮೂರನ್ನೂ ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಸಭೆಗೆ ಬರುವಾಗ ಅವನ್ನು ಕೈಯಲ್ಲಿ ಹಿಡಿದು ನೋಡಿ ಬರಬೇಕಾಗಿ ಕೋರಿಕೆ.